ಹೆಸರಿಲ್ಲದ ಬಾಗಿಲುಗಳು



ಪ್ರಾವಿಡೆಂಟ್ ಫಂಡಿಗೆ ಜಾಲತಾಣ, ಪಿಂಚಣಿಗೆ ಜಾಲತಾಣ, ಅಸಂಘಟಿತ ಕೆಲಸಗಾರರ ಇ-ಶ್ರಮ್ ನೋಂದಣಿಗೆ 2021ರಿಂದ ಜಾಲತಾಣ, ಊರಿಗೆ ಹೋಗುವ ರೈಲಿನ ಟಿಕೇಟಿಗೂ ಜಾಲತಾಣ. ಕಿಟಕಿಯ ಮುಂದೆ ಕ್ಯೂ ನಿಂತು ಗುಮಾಸ್ತರ ಬೈಗಳು ತಿನ್ನುವ ಕಾಲ ಹೋಯಿತು, ಸಕಲವೂ ಬೆರಳ ತುದಿಗೆ ಬಂತು ಎಂದು ದೊಡ್ಡವರು ಭಾಷಣ ಬಿಗಿಯುತ್ತಾರೆ. ಬಂದದ್ದು ಯಾರ ಬೆರಳಿನ ತುದಿಗೆ? ಕಣ್ಣು ಕಳೆದುಕೊಂಡ ಕಾರ್ಮಿಕನ ಬೆರಳಿಗೂ ಬಂತೆ?

ಇದು ಬೇರೆ ಯಾರದೋ ಮನೆಯ ಸಂಗತಿಯಲ್ಲ. 1982ರ ಜನವರಿಯಲ್ಲಿ ಗಿರಣಿಗಳಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗಲಾರದೆ ಉಳಿದವರಿಗೆ ಇಂದು ಎಪ್ಪತ್ತರ ಆಸುಪಾಸು. ಒಬ್ಬರಿಗೆ ಕಣ್ಣಿನ ಪೊರೆ, ಇನ್ನೊಬ್ಬರ ದೃಷ್ಟಿಯನ್ನು ಸಕ್ಕರೆ ಕಾಯಿಲೆ ತಿಂದು ಹಾಕಿದೆ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಅವರೆಲ್ಲ ಶ್ರೀಮಂತರ ಮಕ್ಕಳೇ?

ಕಣ್ಣಿಲ್ಲದವರು ಗಣಕಯಂತ್ರ ನಡೆಸುವುದೆಂದರೇನು ಎಂದು ಕೆಲವರು ನಗಬಹುದು. ನಗುವವರು ವರ್ಲಿಯಲ್ಲಿರುವ ನ್ಯಾಶನಲ್ ಅಸೋಸಿಯೇಶನ್ ಫಾರ್ ದ ಬ್ಲೈಂಡ್ ಕಡೆಗೆ, ಇಲ್ಲವೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಲ್ಲಿ ತೆರೆದ ಅಂಧರ ಕೇಂದ್ರದ ಕಡೆಗೆ ಒಮ್ಮೆ ಹೋಗಿ ಬರಲಿ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರವಿದೆ. ಸ್ಕ್ರೀನ್ ರೀಡರ್ ಎಂದು ಅದರ ಹೆಸರು. ಎನ್.ವಿ.ಡಿ.ಎ. ಎಂಬುದನ್ನು 2006ರಲ್ಲಿ ಕಟ್ಟಲು ತೊಡಗಿದವನು ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣನೇ. ಅದಕ್ಕೆ ಒಂದು ಕಾಸೂ ಬೇಡ. ಕನ್ನಡವನ್ನೂ ಓದುತ್ತದೆ, ಸ್ವರ ಸ್ವಲ್ಪ ತಗಡು ಬಡಿದಂತಿದೆ, ಆದರೂ ನಮ್ಮ ಭಾಷೆಯೇ ಸರಿ. ಅಂಧರು ಮೌಸ್ ಮುಟ್ಟುವುದಿಲ್ಲ, ಕೀಲಿಮಣೆಯಿಂದಲೇ ನಡೆಯುತ್ತಾರೆ. ಎಚ್ ಒತ್ತಿದರೆ ಮುಂದಿನ ತಲೆಬರಹ, ಎಮ್ ಒತ್ತಿದರೆ ಮುಂದಿನ ಫ್ರೇಮು.

ಈ ಫ್ರೇಮು ಎಂಬಲ್ಲಿಯೇ ಇದೆ ಮುಳ್ಳು. 1990ರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ಕಂಪೆನಿ ಒಂದು ಹೊಸ ಉಪಾಯ ತೆಗೆಯಿತು. ಒಂದೇ ಪರದೆಯನ್ನು ಮೂರು ನಾಲ್ಕು ಚೌಕಟ್ಟುಗಳಾಗಿ ಸೀಳಿ, ಒಂದೊಂದರಲ್ಲಿ ಒಂದೊಂದು ಬೇರೆ ಪುಟ ಇಡುವುದು. ಮೇಲೆ ಹೆಸರು, ಎಡಗಡೆ ದಾರಿಯ ಪಟ್ಟಿ, ಬಲಗಡೆ ವಿಷಯ. ಕಣ್ಣಿದ್ದವನಿಗೆ ಚೆಂದವೇ, ಒಂದು ನೋಟಕ್ಕೆ ಎಲ್ಲ ತಿಳಿಯಿತು. ಕೇಳಿ ತಿಳಿಯಬೇಕಾದವನಿಗೋ ಅದು ಒಂದು ಪುಟವಲ್ಲ, ನಾಲ್ಕು ಬಿಡಿ ಪುಟಗಳು. ಪ್ರತಿ ಚೌಕಟ್ಟಿಗೆ ಹೆಸರು ಕೊಟ್ಟಿದ್ದರೆ ಯಂತ್ರ ಅದನ್ನು ಓದಿ ಹೇಳುತ್ತದೆ: ಇದು ಪಟ್ಟಿ, ಇದು ಅರ್ಜಿ. ಹೆಸರಿಲ್ಲದಿದ್ದರೆ ಬರೇ ‘ಫ್ರೇಮ್, ಫ್ರೇಮ್’ ಎನ್ನುತ್ತದೆ, ಇಲ್ಲವೆ ಅರ್ಥವಿಲ್ಲದ ಅಕ್ಷರ ಅಂಕೆಗಳ ಸರಮಾಲೆಯೊಂದನ್ನು ಒದರುತ್ತದೆ. ಎಡಗಡೆ ಒತ್ತಿದರೆ ಬದಲಾಗುವುದು ಬಲಗಡೆ. ಒತ್ತಿದವನು ಎಡಗಡೆಯಲ್ಲೇ ನಿಂತಿದ್ದಾನೆ. ಅವನ ಕಿವಿಗೆ ಏನೂ ಬೀಳದು. ಕೆಲಸವಾಯಿತೋ, ಯಂತ್ರ ಕೆಟ್ಟಿತೋ, ತಾನೇ ತಪ್ಪಿದೆನೋ ತಿಳಿಯದೆ ಮತ್ತೆ ಮತ್ತೆ ಒತ್ತುತ್ತಾನೆ.

ಗಿರಣಿಯಲ್ಲಿ ನೂಲುವ ಖಾತೆಗೆ, ನೇಯುವ ಖಾತೆಗೆ, ಪಗಾರದ ಕಿಟಕಿಗೆ ಒಂದೇ ಬಗೆಯ ಬಾಗಿಲು ಇಟ್ಟು, ಯಾವುದರ ಮೇಲೂ ಬೋರ್ಡು ಹಾಕದೆ, ಹೊಸ ಬದಲಿ ಕೆಲಸಗಾರನನ್ನು ಕತ್ತಲೆಯಲ್ಲಿ ಒಳಗೆ ತಳ್ಳಿದರೆ ಹೇಗೋ ಹಾಗೆ. ಆಮೇಲೆ ಅವನು ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಹಾಜರಿ ಕಡಿಯುವುದು!

ಹೆಸರು ಕೊಡಲು ಎಷ್ಟು ಖರ್ಚು? ಒಂದೊಂದು ಚೌಕಟ್ಟಿಗೆ ಟೈಟಲ್ ಎಂಬ ಒಂದು ಗುಣ, ಎರಡು ಮೂರು ಶಬ್ದ. ಹೋಟೆಲಿನ ಹುಡುಗ ಒಂದು ಮೇಜು ಒರೆಸುವಷ್ಟು ಹೊತ್ತೂ ಬೇಡ. ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 1999ರ ಮೇ ತಿಂಗಳಲ್ಲಿಯೇ ಇದನ್ನು ಮೊದಲ ದರ್ಜೆಯ ನಿಯಮವಾಗಿ ಬರೆದಿಟ್ಟಿತು. ಅಂದು ಹುಟ್ಟಿದ ಮಗು ಇಂದು ಮೀಸೆ ಬಂದ ಕಾರ್ಮಿಕ. ಇಷ್ಟರ ಮೇಲೂ ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಜಾಣರು ಇನ್ನೊಂದು ಉತ್ತರ ಇಟ್ಟುಕೊಂಡಿದ್ದಾರೆ. ಆ ಹಳೆಯ ಫ್ರೇಮು ಸತ್ತುಹೋಯಿತಲ್ಲ, 2014ರ ಎಚ್.ಟಿ.ಎಂ.ಎಲ್. 5 ಅದನ್ನು ಕೈಬಿಟ್ಟಿತಲ್ಲ ಎನ್ನುತ್ತಾರೆ. ಅಹುದು, ಅಣ್ಣ ಸತ್ತ. ತಮ್ಮ ಐಫ್ರೇಮ್ ಗಟ್ಟಿಯಾಗಿಯೇ ಇದ್ದಾನೆ. ಹಣ ಕಟ್ಟುವ ಪೆಟ್ಟಿಗೆ, ನಕ್ಷೆ, ನೀನು ಮನುಷ್ಯನೋ ಯಂತ್ರವೋ ಎಂದು ಕೇಳುವ ಕ್ಯಾಪ್ಚಾ, ಇವನ್ನೆಲ್ಲ ಪುಟದೊಳಗೆ ತೂರಿಸುವುದು ಹೆಚ್ಚಾಗಿ ಅವನ ಮೂಲಕವೇ. ಅವನಿಗೂ ಹೆಸರು ಬೇಕು, ಅದನ್ನೂ ಕೊಡದವರು ಬೇಕಾದಷ್ಟಿದ್ದಾರೆ. ಕ್ಯಾಪ್ಚಾದ ಸೊಟ್ಟ ಅಕ್ಷರಗಳಂತೂ ಬರೇ ಚಿತ್ರ. ಅದನ್ನು ಓದಲಾರದ ಅಂಧ ಮನುಷ್ಯನೇ ಅಲ್ಲವೆಂದು ತೀರ್ಪಾಗುತ್ತದೆ!

ಇನ್ನು ‘ಪಕ್ಕದ ಖೋಲಿಯ ಹುಡುಗನ ಹತ್ತಿರ ಮಾಡಿಸಿಕೊಳ್ಳಲಿ’ ಎಂಬ ದಯಾಳುಗಳ ಮಾತು. ಇದನ್ನು ಕೇಳಿದಾಗ ನಮಗೆ ಸಿಟ್ಟು ಬರುತ್ತದೆ. ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಹುಟ್ಟಿದ್ದು ಯಾಕೆ? ಹಗಲೆಲ್ಲ ಕಪ್ಪು ಬಸಿ ತೊಳೆದ ಹುಡುಗ ರಾತ್ರಿ ಕಣ್ಣು ಬಾಡಿಸಿಕೊಂಡು ಅಕ್ಷರ ತಿದ್ದಿದ್ದು ಯಾಕೆ? ಊರಿನಿಂದ ಬಂದ ಅಮ್ಮನ ಕಾಗದವನ್ನು ಗಲ್ಲೆಯ ಮೇಲೆ ಕುಳಿತವರ ಬಾಯಿಂದ ಓದಿಸಿಕೊಳ್ಳಬಾರದು ಎಂದು. ಎಷ್ಟು ಪಗಾರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆ ಎಂಬುದು ತನಗೇ ತಿಳಿಯಬೇಕು ಎಂದು. ಇಂದು ಅಂಧ ಪಿಂಚಣಿದಾರನ ಪಾಸ್‌ವರ್ಡು, ಓ.ಟಿ.ಪಿ., ಬೇಂಕಿನ ಲೆಕ್ಕ ಎಲ್ಲವನ್ನೂ ಪರರ ಕೈಗೆ ಕೊಡು ಎನ್ನುವುದು ಅದೇ ಹೆಬ್ಬೆಟ್ಟಿನ ಕಾಲಕ್ಕೆ ಹಿಂದೆ ತಳ್ಳುವ ಮಾತಲ್ಲವೆ? ಮೋಸ ಮಾಡದ ಹುಡುಗರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಂಬಿಕೆಯ ಮೇಲೆ ಪಗಾರ ಬಿಡುವವರು ನಾವು ಯಾವತ್ತೂ ಆಗಿರಲಿಲ್ಲ, ಚೀಟಿ ಕೇಳಿದವರು.

ಕಾಯಿದೆಗೆ ಕೊರತೆಯಿಲ್ಲ. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಬಂತು, ಮರುವರ್ಷ ನಿಯಮಗಳು ಬಂದುವು. ಸೇವೆ ಒದಗಿಸುವವರಿಗೆ ಎರಡು ವರ್ಷದ ಗಡುವು ಕೊಟ್ಟಿದ್ದರು. ಅದು 2019ರಲ್ಲಿಯೇ ಮುಗಿಯಿತು. ರಾಜೀವ್ ರಾತೂರಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಸೌಲಭ್ಯದ ನಿಯಮಗಳು ಬರೇ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದಿತು. ಆ್ಯಸಿಡ್ ದಾಳಿಯಿಂದ ರೆಪ್ಪೆ ಮಿಟುಕಿಸಲಾರದ ಪ್ರಜ್ಞಾ ಪ್ರಸೂನ್, ಅಂಧ ವಕೀಲ ಅಮರ್ ಜೈನ್ ಇವರ ಮೊಕದ್ದಮೆಗಳಲ್ಲಿ 2025ರ ಏಪ್ರಿಲ್ 30ರಂದು, ಗಣಕದ ಮೂಲಕ ಸೇವೆ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದು ಎಂದಿತು. ಬೋನಸ್ಸಿಗೂ ಕಾಯಿದೆಯಿತ್ತು, ಕೇಳುವವರು ಗೇಟಿನ ಮುಂದೆ ನಿಲ್ಲುವ ತನಕ ಯಾವ ಧಣಿಯೂ ತಾನಾಗಿ ಕೊಟ್ಟದ್ದಿಲ್ಲ.

ಕನ್ನಡ ಸಂಘಗಳಿಗೂ ಒಂದು ಮಾತು ಹೇಳಲೇಬೇಕು. ಆಮಂತ್ರಣವನ್ನು ಚಿತ್ರವಾಗಿ ಮಾಡಿ ಹಂಚಿದರೆ ಅಂಧರಿಗೆ ಅದು ಖಾಲಿ ಕಾಗದ. ಯುನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಜಾಲತಾಣ ಇಟ್ಟರೆ ಯಂತ್ರ ಅದನ್ನು ಕನ್ನಡವೆಂದು ಗುರುತಿಸುವುದೇ ಇಲ್ಲ, ಇಂಗ್ಲಿಷಿನ ಕಸವನ್ನು ಓದುತ್ತದೆ. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಗರ್ಜಿಸುವವರು ಮೊದಲು ತಮ್ಮ ಪುಟ ಕನ್ನಡದಲ್ಲಿ ಕೇಳಿಸುತ್ತದೆಯೇ ಎಂದು ನೋಡಲಿ. ಪರೀಕ್ಷೆ ಕಷ್ಟದ್ದಲ್ಲ: ಪರದೆಗೆ ಒಂದು ಟವೆಲು ಹೊದಿಸಿ, ಮೌಸನ್ನು ಕಪಾಟಿನಲ್ಲಿಟ್ಟು, ಕಿವಿ ಮತ್ತು ಕೀಲಿಮಣೆಯಿಂದ ಸದಸ್ಯತ್ವದ ಅರ್ಜಿಯೊಂದನ್ನು ಕಾರ್ಯದರ್ಶಿಗಳೇ ತುಂಬಲಿ.

ಪಿಂಚಣಿಯ ಪುಟದಲ್ಲೋ ಬೇಂಕಿನ ಪುಟದಲ್ಲೋ ಸಿಕ್ಕಿಬಿದ್ದ ಸದಸ್ಯರು ಸುಮ್ಮನೆ ಮನೆಯಲ್ಲಿ ಕುಳಿತುಕೊಳ್ಳಬೇಡಿ. ಯಾವ ದಿನ, ಯಾವ ಪುಟ, ಯಾವ ಫ್ರೇಮಿನಲ್ಲಿ ದಾರಿ ತಪ್ಪಿತು ಎಂದು ಯಾರಿಂದಾದರೂ ಬರೆಯಿಸಿ ತನ್ನಿ. ಕೇಂದ್ರದ ಕಛೇರಿಯಾದರೆ ದಿಲ್ಲಿಯಲ್ಲಿರುವ ಅಂಗವಿಕಲರ ಮುಖ್ಯ ಆಯುಕ್ತರಿಗೆ, ರಾಜ್ಯದ್ದಾದರೆ ಪುಣೆಯಲ್ಲಿರುವ ಆಯುಕ್ತರಿಗೆ ದೂರು ಹೋಗಬೇಕು. ಒಬ್ಬೊಬ್ಬರದಾಗಿ ಹೋದರೆ ಕಡತದ ಅಡಿಯಲ್ಲಿ ಬೀಳುತ್ತದೆ. ಐವತ್ತು ಒಟ್ಟಿಗೆ ಕಳುಹಿಸೋಣ.