ಶುಕ್ರವಾರ ರಾತ್ರಿ ಡಿಪ್ಲಾಯ್ ಮಾಡಬೇಡಿ

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಒಂದು ನಿಯಮ ಇದೆ: ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹೊಸ ಕೋಡ್ ಹಾಕಬಾರದು. ಯಾರೂ ಬೋರ್ಡ್ ಬರೆದು ನೇತುಹಾಕಿಲ್ಲ, ಆದರೂ ಪಾಲಿಸ್ತೀವಿ. ವಾರವಿಡೀ ದುಡಿದು ತಲೆ ಸೋತಿರುತ್ತದೆ. ಏನಾದರೂ ಕೆಟ್ಟರೆ ಸರಿ ಮಾಡೋಕೆ ಯಾರೂ ಕೈಗೆ ಸಿಗಲ್ಲ. ಸೋಮವಾರದವರೆಗೆ ಕಾದರೆ ಯಾರ ಗಂಟೂ ಹೋಗುವುದಿಲ್ಲ.

ಅದೇ ನಾವು, ಅದೇ ಶುಕ್ರವಾರ, ಅದೇ ಸೋತ ತಲೆ ಹೊತ್ತುಕೊಂಡು ರಾತ್ರಿ ಹತ್ತಕ್ಕೆ ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಹೈದರಾಬಾದ್‌ಗೆ ಹೊರಡ್ತೀವಿ. ಸುಮಾರು 570 ಕಿಲೋಮೀಟರ್. ಬೆಳಗಾಗುವಷ್ಟರಲ್ಲಿ ಊರು ಸೇರಿ, ಗ್ರೂಪಿನಲ್ಲಿ ಒಂದು ಫೋಟೋ ಹಾಕಿ, ‘ಏಳು ಗಂಟೆ, ಎರಡೇ ಸ್ಟಾಪ್’ ಅಂತ ಬರೀತೀವಿ. ಕೆಳಗೆ ಹತ್ತು ಜನ ಬೆಂಕಿಯ ಇಮೋಜಿ ಹಾಕ್ತಾರೆ.

ಸರ್ವರ್ ಬಿದ್ದರೆ ರೋಲ್‌ಬ್ಯಾಕ್ ಇದೆ. ಇಲ್ಲಿ ಏನಿದೆ?

ನಾನು ದಿಬ್ಬೂರಹಳ್ಳಿಯವನು. ಶಿಡ್ಲಘಟ್ಟ ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ. ಬೆಂಗಳೂರಿನಿಂದ ಹೈದರಾಬಾದ್ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ನಮ್ಮ ಜಿಲ್ಲೆಯನ್ನು ಸೀಳಿಕೊಂಡೇ ಹೋಗುತ್ತದೆ: ಚಿಕ್ಕಬಳ್ಳಾಪುರ, ಪೇರೇಸಂದ್ರ, ಬಾಗೇಪಲ್ಲಿ. ರಾತ್ರಿ ಹೊರಡುವ ನಿಮಗೆ ನಮ್ಮ ಜಿಲ್ಲೆ ಎಂದರೆ ಎರಡು ಟೋಲ್ ನಡುವಿನ ಕತ್ತಲೆ. ನಮಗೆ ಅದು ಊರು. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಸ್ವಲ್ಪ ಜಾಸ್ತಿಯೇ ಇದೆ ಅಂದುಕೊಂಡಿದ್ದೇನೆ.

ರೋಡ್ ಟ್ರಿಪ್ ಪ್ಲಾನ್ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಎಕ್ಸೆಲ್ ಶೀಟ್ ಬರುತ್ತದೆ. ಟೋಲ್ ಎಷ್ಟು, ಫಾಸ್ಟ್ಯಾಗ್‌ನಲ್ಲಿ ದುಡ್ಡು ಎಷ್ಟಿದೆ, ಪೆಟ್ರೋಲ್ ಎಲ್ಲಿ, ಟೈರಿಗೆ ಗಾಳಿ ಎಷ್ಟು, ಕರ್ನೂಲಿನಲ್ಲಿ ಬಿರಿಯಾನಿ ಎಲ್ಲಿ, ಕ್ಲೀನ್ ಟಾಯ್ಲೆಟ್ ಎಲ್ಲಿ, ಯಾವ ಹಾಡು ಎಷ್ಟು ಹೊತ್ತಿಗೆ. ಹತ್ತಾರು ಕಾಲಂ ಇರುವ ಈ ಶೀಟಿನಲ್ಲಿ ಒಂದು ಕಾಲಂ ಮಾತ್ರ ಇರುವುದಿಲ್ಲ: ಗಾಡಿ ಓಡಿಸುವವರು ಇವತ್ತು ಎಷ್ಟು ಗಂಟೆಗೆ ಎದ್ದರು? ಆಮೇಲೆ ಎಷ್ಟು ಹೊತ್ತು ಮಲಗಿದರು?

ಲೆಕ್ಕ ಹಾಕೋಣ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಎದ್ದಿರಿ. ಸ್ಟ್ಯಾಂಡಪ್, ರಿವ್ಯೂ, ಔಟರ್ ರಿಂಗ್ ರೋಡು, ಪ್ಯಾಕಿಂಗ್. ರಾತ್ರಿ ಹತ್ತಕ್ಕೆ ಹೊರಟಿರಿ. ಹನ್ನೊಂದಕ್ಕೆ ಚಿಕ್ಕಬಳ್ಳಾಪುರದ ಹತ್ತಿರ ಬರುವಾಗ ನೀವು ಎಚ್ಚರವಾಗಿ 17 ಗಂಟೆ ಆಯಿತು. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದೆ: 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿಯಿತು. ನಮ್ಮ ದೇಶದ ಕಾನೂನಿನಲ್ಲಿ ಕುಡಿದು ಓಡಿಸಿದ ಕೇಸು ಬೀಳುವುದು 0.03ರ ಮೇಲೆ, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ.

ಹೊಸದಾಗಿ ಮದುವೆಯಾದ ಗೆಳೆಯ ಎರಡು ಪೆಗ್ ಹಾಕಿ ಸ್ಟೇರಿಂಗ್ ಹಿಡಿದರೆ ನಾವೆಲ್ಲ ಸೇರಿ ಕೀ ಕಿತ್ತುಕೊಳ್ತೀವಿ. ಅದೇ ಗೆಳೆಯ ಒಂದು ತೊಟ್ಟೂ ಕುಡಿಯದೆ, ಹದಿನೇಳು ಗಂಟೆ ಎಚ್ಚರವಿದ್ದು ಹೊರಟರೆ ‘ಹ್ಯಾಪಿ ಜರ್ನಿ ಮಗಾ’ ಅಂತೀವಿ. ಪೊಲೀಸರ ಕೈಲಿರುವ ಮೆಷಿನ್ ಕೂಡ ಅವನನ್ನು ಹಿಡಿಯುವುದಿಲ್ಲ, ಯಾಕಂದ್ರೆ ನಿದ್ದೆಗೆ ವಾಸನೆ ಇಲ್ಲ.

ಇನ್ನೂ ಮುಂದೆ ಹೋಗಿ. ಬೆಳಗಿನ ಜಾವ ಮೂರು ಗಂಟೆಗೆ ನೀವು ಕರ್ನೂಲಿನ ಆಸುಪಾಸಿನಲ್ಲಿ ಇರುತ್ತೀರಿ. ಎಚ್ಚರವಾಗಿ 21 ಗಂಟೆ. ಎರಡರಿಂದ ಐದರ ನಡುವೆ ಮನುಷ್ಯನ ದೇಹ ಮಲಗಲೇಬೇಕು ಎಂದು ಹಟ ಹಿಡಿಯುವ ಹೊತ್ತು. ಕಣ್ಣು ತೆರೆದೇ ಇರುತ್ತದೆ, ಮೆದುಳು ಮೂರು–ನಾಲ್ಕು ಸೆಕೆಂಡು ರಜೆ ಹಾಕುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡಿಗೆ ಕಾರು 111 ಮೀಟರ್ ಹೋಗಿರುತ್ತದೆ. ಎಂಟು ಕಬಡ್ಡಿ ಅಂಕಣಗಳ ಉದ್ದ, ಓಡಿಸುವವರೇ ಇಲ್ಲದ ಕಾರು.

ಇಲ್ಲಿ ಯಾವಾಗಲೂ ಒಂದು ಉತ್ತರ ಬರುತ್ತದೆ: ‘ರಾತ್ರಿ ರೋಡು ಖಾಲಿ ಇರುತ್ತೆ ಗುರು.’

ಯಾರು ಹೇಳಿದ್ದು? ಹಳ್ಳಿಗಳಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ಕೊಡುವುದೇ ರಾತ್ರಿ. ಕರೆಂಟು ಬಂದ ಹೊತ್ತಿಗೆ ಮೋಟರ್ ಆನ್ ಮಾಡಲು ರೈತ ಕೈಯಲ್ಲೊಂದು ಟಾರ್ಚ್ ಹಿಡಿದು ತೋಟಕ್ಕೆ ನಡೆಯುತ್ತಾನೆ. ಮನೆ ಹೆದ್ದಾರಿಯ ಈ ಕಡೆ, ತೋಟ ಆ ಕಡೆ ಇದ್ದರೆ ಅವನು ಏನು ಮಾಡಬೇಕು? ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ರೇಷ್ಮೆ ಗೂಡು, ಚಿಂತಾಮಣಿಗೆ ಟೊಮೆಟೊ, ಚಿಕ್ಕಬಳ್ಳಾಪುರಕ್ಕೆ ಹೂವು ಹೊತ್ತ ಗಾಡಿಗಳು ಬೆಳಕು ಹರಿಯುವ ಮುಂಚೆಯೇ ರಸ್ತೆಗೆ ಬಂದಿರುತ್ತವೆ. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್ ಇರುತ್ತದೆ. ಪಂಕ್ಚರ್ ಆಗಿ ನಿಂತ ಲಾರಿ, ಅದರ ಹಿಂದೆ ಎಚ್ಚರಿಕೆಗೆ ಎಂದು ಇಟ್ಟ ನಾಲ್ಕು ಕಲ್ಲು ಇರುತ್ತದೆ. ರಾತ್ರಿ ರೋಡು ಖಾಲಿ ಇರುವುದಿಲ್ಲ. ಅಲ್ಲಿರುವವರು ನಿಮಗೆ ಕಾಣುವುದಿಲ್ಲ, ಅಷ್ಟೇ.

ಕಾಣದಿರುವುದಕ್ಕೂ ಲೆಕ್ಕ ಇದೆ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. 100ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಕಂಡದ್ದನ್ನು ಅರ್ಥ ಮಾಡಿಕೊಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಅಂತಿಟ್ಟುಕೊಳ್ಳಿ. 42 ಮೀಟರ್ ಆಗಲೇ ಹೋಯಿತು. ಒಳ್ಳೆಯ ಟೈರು, ಒಣ ರಸ್ತೆ ಇದ್ದರೂ ನಿಲ್ಲಲು ಇನ್ನೊಂದು 55 ಮೀಟರ್ ಬೇಕು. ಒಟ್ಟು ನೂರು ಮೀಟರ್ ಹತ್ತಿರ. ಡಿಮ್ ಲೈಟಿನಲ್ಲಿ ನಿಮಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ ಅರವತ್ತು ಮೀಟರ್. ಅರವತ್ತು ಮೀಟರ್ ದೂರದಲ್ಲಿ ಏನಾದರೂ ಕಂಡರೆ, ಗುದ್ದುವ ಹೊತ್ತಿಗೂ ನಿಮ್ಮ ವೇಗ ಎಂಬತ್ತರ ಮೇಲೇ ಇರುತ್ತದೆ. ಇದು ನಿದ್ದೆ ಬರದವರ ಲೆಕ್ಕ. ತೂಕಡಿಸುವವರ ಲೆಕ್ಕದಲ್ಲಿ ಬ್ರೇಕೇ ಇಲ್ಲ.

ಇದು ಬರೀ ಲೆಕ್ಕವಲ್ಲ. 2023ರ ಅಕ್ಟೋಬರ್ 26ರ ಬೆಳಿಗ್ಗೆ, ಚಿಕ್ಕಬಳ್ಳಾಪುರದ ಹತ್ತಿರ ಇದೇ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಒಂದು ಟಾಟಾ ಸುಮೋ ಹಿಂದಿನಿಂದ ಗುದ್ದಿತು. ಮಂಜು ಮುಸುಕಿತ್ತು. 13 ಜನ ಸತ್ತರು. ಆಂಧ್ರದ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಗಾಡಿ ಅದು, ದಸರಾ ಮುಗಿದು ಎರಡು ದಿನ ಆಗಿತ್ತು. 2025ರ ಅಕ್ಟೋಬರ್ 24ರ ಬೆಳಗಿನ ಜಾವ, ಕರ್ನೂಲಿನ ಹತ್ತಿರದ ಚಿನ್ನಟೇಕೂರಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹರಿದು ಬೆಂಕಿ ಹೊತ್ತಿಕೊಂಡಿತು. ಪ್ರಯಾಣಿಕರಲ್ಲೇ 19 ಜನ ಹೋದರು. ಆ ಬಸ್ಸಿನಲ್ಲಿ ನಮ್ಮಂಥವರೇ ಇದ್ದರು. ಈ ಎರಡು ಗಾಡಿಗಳನ್ನು ಓಡಿಸಿದವರಿಗೆ ನಿದ್ದೆ ಬಂದಿತ್ತು ಅಂತ ನಾನು ಹೇಳುತ್ತಿಲ್ಲ. ನಾನು ಹೇಳುವುದು ಇಷ್ಟು: ಎರಡೂ ಕಡೆ ರಸ್ತೆಯ ಮೇಲೆ ಅಲುಗಾಡದ ಒಂದು ವಸ್ತು ಇತ್ತು. ಹಾಡುಹಗಲಿನಲ್ಲಿ ಅದು ದೂರದಿಂದಲೇ ಕಾಣುತ್ತದೆ. ಕತ್ತಲೆ ಮತ್ತು ಮಂಜು ಆ ದೂರವನ್ನು ತಿಂದುಹಾಕುತ್ತವೆ. ಎಚ್ಚರವಾಗಿ ಇರುವವರಿಗೇ ಈ ಗತಿಯಾದರೆ, ಇಪ್ಪತ್ತೊಂದನೇ ಗಂಟೆಯಲ್ಲಿ ಸ್ಟೇರಿಂಗ್ ಹಿಡಿದವರ ಗತಿ ಏನು?

ದೇಶದ ಲೆಕ್ಕವೂ ಇದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಅಂಕಿ. ಅವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ.

‘ಹಾಗಾದ್ರೆ ರಾತ್ರಿ ಬಸ್ಸು ಓಡಲ್ವಾ, ಲಾರಿ ಓಡಲ್ವಾ?’ ಒಳ್ಳೆಯ ಪ್ರಶ್ನೆ. ದೂರದ ರಾತ್ರಿ ಬಸ್ಸಿನಲ್ಲಿ ಸಾಮಾನ್ಯವಾಗಿ ಇಬ್ಬರು ಚಾಲಕರು ಇರುತ್ತಾರೆ, ಒಬ್ಬರು ಓಡಿಸುವಾಗ ಇನ್ನೊಬ್ಬರು ಮಲಗುತ್ತಾರೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಎಂದು 1961ರಲ್ಲೇ ಬಂದಿದೆ: ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೆ ಮುಂಚೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಅದನ್ನು ಮುರಿಯುವ ಮಾಲೀಕರು ಬೇಕಾದಷ್ಟು ಇದ್ದಾರೆ, ಅದು ಬೇರೆ ಜಗಳ. ಆದರೆ ಕೆಲಸ ಎಂದು ಗಾಡಿ ಓಡಿಸುವವರಿಗೆ ಮಿತಿ ಬೇಕು ಎಂದು ಅರವತ್ತು ವರ್ಷಗಳ ಹಿಂದೆಯೇ ಈ ದೇಶಕ್ಕೆ ಗೊತ್ತಿತ್ತು. ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು, ಅದರ ಮೇಲೆ ಏಳು ಗಂಟೆ ಸ್ಟೇರಿಂಗ್ ಹಿಡಿಯುವ ನಮಗೆ ಯಾವ ಕಾಯ್ದೆಯೂ ಇಲ್ಲ. ನಮ್ಮ ಬುದ್ಧಿಯೇ ಕಾಯಬೇಕು.

ನಮ್ಮ ಕಡೆ ರೇಷ್ಮೆ ಹುಳು ಸಾಕುವವರಿಗೆ ರಾತ್ರಿ ಎಚ್ಚರದ ಬೆಲೆ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ, ರಾತ್ರಿಯೂ ಸೊಪ್ಪು ಹಾಕಬೇಕು. ಆದರೆ ಒಬ್ಬರೇ ಜಾಗರಣೆ ಮಾಡುವುದಿಲ್ಲ. ಅಪ್ಪ ಎದ್ದರೆ ಅಮ್ಮ ಮಲಗಬೇಕು, ಅಣ್ಣ ಎದ್ದರೆ ಅಪ್ಪ ಮಲಗಬೇಕು. ಇಲ್ಲದಿದ್ದರೆ ಹುಳು ಕೆಡುತ್ತದೆ. ಹುಳುವಿಗೆ ಕೊಡುವ ಈ ಮರ್ಯಾದೆಯನ್ನು ಹಿಂದಿನ ಸೀಟಿನಲ್ಲಿ ಮಲಗಿರುವ ಮಗುವಿಗೆ ಕೊಡಬಾರದಾ?

‘ನನ್ನ ಕಾರಿಗೆ ಆರು ಏರ್‌ಬ್ಯಾಗ್ ಇದೆ, ಅಡಾಸ್ ಇದೆ.’ ಇರಲಿ, ಸಂತೋಷ. ಅದರ ಜೊತೆ ಕೊಟ್ಟ ಪುಸ್ತಕ ಓದಿ. ಇದು ಸಹಾಯಕ ಮಾತ್ರ, ಜವಾಬ್ದಾರಿ ಓಡಿಸುವವರದೇ ಎಂದು ಕಂಪನಿಯವರು ಮೊದಲೇ ಬರೆದು ಕೈ ತೊಳೆದುಕೊಂಡಿರುತ್ತಾರೆ. ಲೈಸೆನ್ಸ್ ಅಗ್ರಿಮೆಂಟ್ ಬರೆಯುವ ಉದ್ಯಮದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಮತ್ತೆ, ಏರ್‌ಬ್ಯಾಗ್ ಇರುವುದು ಕಾರಿನ ಒಳಗಿರುವವರಿಗೆ. ಟಾರ್ಚ್ ಹಿಡಿದು ರಸ್ತೆ ದಾಟುವವನಿಗೆ ಇರುವುದು ಒಂದು ಕಂಬಳಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾವು ರಾತ್ರಿ ಹೊರಡುವುದು ಟ್ರಾಫಿಕ್ಕಿಗೆ ಹೆದರಿ ಅಲ್ಲ, ಬಿಸಿಲಿಗೆ ಹೆದರಿಯೂ ಅಲ್ಲ. ಒಂದು ದಿನದ ಲೀವ್ ಉಳಿಸುವುದಕ್ಕೆ. ಶನಿವಾರದ ಹಗಲನ್ನು ರಸ್ತೆಗೆ ಕೊಟ್ಟರೆ ಸೋಮವಾರ ರಜೆ ಹಾಕಬೇಕಾಗುತ್ತದೆ. ಸೋಮವಾರ ರಜೆ ಕೇಳಿದರೆ ಮ್ಯಾನೇಜರ್ ‘ರಿಲೀಸ್ ಇದೆಯಲ್ಲಾ’ ಅಂತ ಮುಖ ಮಾಡ್ತಾರೆ. ಆ ಮುಖ ನೋಡಲಾರದೆ ನಾವು ಕತ್ತಲಲ್ಲಿ 570 ಕಿಲೋಮೀಟರ್ ಓಡಿಸುತ್ತೇವೆ. ವರ್ಷದ ಕೊನೆಗೆ ನೋಡಿದರೆ ಹನ್ನೊಂದು ಲೀವ್ ಹಾಗೇ ಉಳಿದಿರುತ್ತವೆ, ಅದರಲ್ಲಿ ಅರ್ಧ ಲ್ಯಾಪ್ಸ್. ಇದನ್ನು ನಾವು ಸಾಹಸ ಎಂದು ಕರೆಯುತ್ತಿದ್ದೇವೆ. ಸಾಹಸ ಅಲ್ಲ ಇದು, ಸಂಕೋಚ. ರಜೆ ಕೇಳುವ ಧೈರ್ಯ ಇಲ್ಲದವರು ಸಾವಿನ ಜೊತೆ ಧೈರ್ಯ ತೋರಿಸುವುದು.

ಪ್ಲಾನ್ ಮಾಡುವುದಾದರೆ ಹೀಗೆ ಮಾಡಿ. ಶುಕ್ರವಾರ ರಾತ್ರಿ ಮನೆಯಲ್ಲಿ ಮಲಗಿ. ಶನಿವಾರ ಬೆಳಿಗ್ಗೆ ಹೊರಡಿ. ಚಳಿಗಾಲವಾದರೆ ದೇವನಹಳ್ಳಿಯಿಂದ ಆಚೆ ಮಂಜು ಕರಗುವವರೆಗೆ ಕಾಯಿರಿ, ಯಾರೂ ಮೆಡಲ್ ಕಿತ್ತುಕೊಳ್ಳುವುದಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಇಬ್ಬರಿಗೆ ಓಡಿಸಲು ಬಂದರೆ ಬದಲಾಯಿಸಿಕೊಳ್ಳಿ. ಏಳಕ್ಕೆ ಹೊರಟರೂ ಊಟ, ತಿಂಡಿ, ಕಾಫಿ ಎಲ್ಲ ಸೇರಿ ಸಂಜೆ ಬೆಳಕಿರುವಾಗಲೇ ಹೈದರಾಬಾದ್ ಸಿಗುತ್ತದೆ. ತಡವಾದರೆ ಕರ್ನೂಲಿನಲ್ಲಿ ರೂಮು ಮಾಡಿ. ದಾರಿಯಲ್ಲಿ ಪೆನುಕೊಂಡದ ಬೆಟ್ಟ ಇದೆ. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರು. ಗುತ್ತಿಯ ಕೋಟೆ ಇದೆ. ಕರ್ನೂಲು ದಾಟಿ ಸ್ವಲ್ಪ ಪಕ್ಕಕ್ಕೆ ಹೋದರೆ ತುಂಗಭದ್ರೆಯ ದಡದಲ್ಲಿ ಆಲಂಪುರ, ನಮ್ಮ ಬಾದಾಮಿ ಚಾಲುಕ್ಯರು ಕಟ್ಟಿದ ನವಬ್ರಹ್ಮ ದೇವಾಲಯಗಳು. ರಾತ್ರಿ ಹೋದವರು ಇದ್ಯಾವುದನ್ನೂ ನೋಡಿರುವುದಿಲ್ಲ. ಅವರು ನೋಡಿರುವುದು ಮುಂದಿನ ಲಾರಿಯ ಹಿಂಭಾಗ. ರೋಡ್ ಟ್ರಿಪ್ಪಿನಲ್ಲಿ ರೋಡನ್ನೇ ನೋಡದೆ ಬಂದರೆ ಅದು ಎಂಥ ಟ್ರಿಪ್?

ಶುಕ್ರವಾರ ರಾತ್ರಿಯೇ ಹೋಗಬೇಕು ಅನ್ನುವ ತುರ್ತು ಇದ್ದರೆ ಕಾಚಿಗುಡಕ್ಕೆ ರಾತ್ರಿ ರೈಲಿದೆ. ಹಗಲು ಬೇಕು ಅಂದ್ರೆ 2023ರಿಂದ ಯಶವಂತಪುರ–ಕಾಚಿಗುಡ ವಂದೇ ಭಾರತ್ ಓಡುತ್ತಿದೆ, ಸುಮಾರು ಎಂಟೂವರೆ ಗಂಟೆ. ನೀವು ಮಲಗಬಹುದು, ರೈಲು ಓಡುತ್ತದೆ.

ಕೊನೆಯ ಮಾತು ಓಡಿಸುವವರಿಗಲ್ಲ, ಪಕ್ಕದಲ್ಲಿ ಕೂರುವವರಿಗೆ. ‘ಏನೂ ಆಗಲ್ಲ, ನಾನು ಹತ್ತು ಸಲ ಹೋಗಿದ್ದೀನಿ’ ಅಂತ ಅವರು ಹೇಳೇ ಹೇಳ್ತಾರೆ. ಹತ್ತು ಸಲ ಟೆಸ್ಟ್ ಪಾಸ್ ಆದ ಕೋಡು ಹನ್ನೊಂದನೇ ಸಲ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಗಂಡನೋ ಹೆಂಡತಿಯೋ ಗೆಳೆಯನೋ, ಯಾರೇ ಆಗಲಿ, ಶುಕ್ರವಾರ ರಾತ್ರಿ ಹತ್ತಕ್ಕೆ ಕೀ ಎತ್ತಿಕೊಂಡರೆ ಒಂದೇ ಪ್ರಶ್ನೆ ಕೇಳಿ: ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದೆ? ಉತ್ತರ ಆರು ಅಂತ ಬಂದರೆ ಕಾರು ಹತ್ತಬೇಡಿ. ಜಗಳ ಆದರೆ ಆಗಲಿ. ಸೋಮವಾರದ ಲೀವ್ ಹಾಕುವುದಕ್ಕೆ ಇನ್ನೂ ಟೈಮಿದೆ.