ಶಂಶಾಬಾದಿನಲ್ಲಿ ತಡೆದು ನಿಂತ ಗಡಿಯಾರ

ಶಮ್ಸ್ ಎಂದರೆ ಸೂರ್ಯ. ಗಡಿಯಾರಗಳಿಲ್ಲದ ಕಾಲದಲ್ಲಿ ಜನರಿಗೆ ಹೊತ್ತು ತಿಳಿಸುತ್ತಿದ್ದವನ ಹೆಸರನ್ನು ತನ್ನೊಳಗೆ ಇರಿಸಿಕೊಂಡ ಶಂಶಾಬಾದ್, 2008ರ ಮಾರ್ಚ್‌ನಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಹೈದರಾಬಾದಿನ ಹೆಬ್ಬಾಗಿಲಾಯಿತು. ಹೆಬ್ಬಾಗಿಲಿನ ಹೆಸರಿಗೆ ಒಂದು ಗಾಂಭೀರ್ಯವಿರುತ್ತದೆ. ವಂಚಕರಿಗೆ ಬೇಕಾದದ್ದು ಅದೇ. ‘ನೀವು ತರಿಸಿದ ಕೈಗಡಿಯಾರ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ನಿಂತಿದೆ, ಸುಂಕ ಕಟ್ಟಿದರೆ ಸಂಜೆಯೊಳಗೆ ಮನೆಗೆ ಬರುತ್ತದೆ’ ಎನ್ನುವ ಕರೆ ದಿಲ್ಲಿಯ ಹೆಸರಿನಲ್ಲಿ, ಮುಂಬಯಿಯ ಹೆಸರಿನಲ್ಲಿ, ನಮ್ಮ ಹೈದರಾಬಾದಿನ ಹೆಸರಿನಲ್ಲಿ ಬರುತ್ತಲೇ ಇದೆ.

ಇದರ ನಡೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಹತ್ತು ಲಕ್ಷ ಬಾಳುವ ಸ್ವಿಸ್ ಗಡಿಯಾರವೊಂದು ಆರು ಲಕ್ಷಕ್ಕೆ ಮಾರಾಟಕ್ಕಿದೆ ಎಂಬ ಜಾಹೀರಾತು ಕಾಣುತ್ತದೆ. ಒಂದು ಲಕ್ಷಕ್ಕೆಂದರೆ ಯಾರೂ ನಂಬುವುದಿಲ್ಲ. ಆರು ಲಕ್ಷವೆಂದರೆ ‘ಯಾರಿಗೋ ತುರ್ತು ಇರಬೇಕು’ ಎಂದು ಮನಸ್ಸು ತಾನೇ ಕಾರಣ ಹುಡುಕಿಕೊಡುತ್ತದೆ. ಮುಂಗಡ ಹೋಗುತ್ತದೆ. ಆಮೇಲೆ ಸುಂಕ, ಅದರ ಮೇಲೆ ತೆರಿಗೆ, ಆಮೇಲೆ ಯಾವುದೋ ಪ್ರಮಾಣಪತ್ರದ ಶುಲ್ಕ, ಕೊನೆಗೆ ‘ಕಟ್ಟದಿದ್ದರೆ ನಿಮ್ಮ ಮೇಲೆಯೇ ಪ್ರಕರಣ’ ಎಂಬ ಬೆದರಿಕೆ. ಪ್ರತಿ ಹೊಸ ಮೊತ್ತವೂ ಈಗಾಗಲೇ ಹೋದದ್ದಕ್ಕಿಂತ ಚಿಕ್ಕದಾಗಿಯೇ ಇರುತ್ತದೆ. ಕೊಟ್ಟದ್ದನ್ನು ಉಳಿಸಿಕೊಳ್ಳಲೆಂದು ಇನ್ನಷ್ಟು ಕೊಡುವುದು ಮನುಷ್ಯನ ಹಳೆಯ ದೌರ್ಬಲ್ಯ.

ನಿಜವಾದ ಕಸ್ಟಮ್ಸ್ ಇಲಾಖೆ ಹೀಗೆ ನಡೆದುಕೊಳ್ಳುವುದಿಲ್ಲ. ಖಾಸಗಿ ವ್ಯಕ್ತಿಯ ಬ್ಯಾಂಕ್ ಖಾತೆಗೆ ಸುಂಕ ಹಾಕಿ ಎಂದು ತಾನು ಎಂದೂ ಕೇಳುವುದಿಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಮತ್ತೆ ಮತ್ತೆ ಪ್ರಕಟಿಸಿದೆ. 2019ರ ನವೆಂಬರ್ 8ರಿಂದ ಅದರ ಅಧಿಕೃತ ಪತ್ರಗಳಿಗೆ ‘ಡಿನ್’ ಎಂಬ ಗುರುತಿನ ಸಂಖ್ಯೆಯ ವ್ಯವಸ್ಥೆ ಬಂದಿದೆ; ಮಂಡಳಿಯ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ಪತ್ರ ಅಸಲಿಯೋ ನಕಲಿಯೋ ಎಂದು ಯಾರು ಬೇಕಾದರೂ ನೋಡಬಹುದು. ವಿದೇಶದಿಂದ ಕೊರಿಯರ್‌ನಲ್ಲಿ ಬಂದ ವಸ್ತುವಿನ ಕಾಗದಪತ್ರಗಳನ್ನು ಸಾಮಾನ್ಯವಾಗಿ ಕೊರಿಯರ್ ಕಂಪನಿಯೇ ಸಲ್ಲಿಸುತ್ತದೆ. ‘ಉಡುಗೊರೆ ಎಂದು ಬರೆಸಿದ್ದೇನೆ, ಸುಂಕವಿಲ್ಲ’ ಎನ್ನುವ ಮಾರಾಟಗಾರನ ಮಾತಿಗೂ ಬೆಲೆಯಿಲ್ಲ: ಉಡುಗೊರೆಯ ಹೆಸರಿನಲ್ಲಿ ಸಿಗುತ್ತಿದ್ದ ಸುಂಕ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲಿ ರಾಖಿ ಮತ್ತು ಜೀವರಕ್ಷಕ ಔಷಧಗಳಿಗೆ ಸೀಮಿತಗೊಳಿಸಲಾಯಿತು. ಇನ್ನು ‘ಏರ್‌ಪೋರ್ಟಿನಲ್ಲಿ ಸೀಜ್ ಆದ ಮಾಲು’ ಎಂದು ಪಿಸುಮಾತಿನಲ್ಲಿ ಮಾರುವವರ ವಿಚಾರ. ಜಪ್ತಿಯಾದ ವಸ್ತುಗಳನ್ನು ಇಲಾಖೆ ವಿಲೇವಾರಿ ಮಾಡುವುದು ಬಹಿರಂಗ ಹರಾಜಿನಲ್ಲಿ. ಪಿಸುಮಾತಿಗೆ ಅಲ್ಲಿ ಕೆಲಸವಿಲ್ಲ.

ಇಷ್ಟು ವಿಷಯ ಪತ್ರಿಕೆಗಳಲ್ಲಿ ಸಿಗುತ್ತದೆ. ನಾನು ತಕರಾರೆತ್ತಬೇಕೆಂದಿರುವುದು ಇದನ್ನು ಕೇಳಿದಾಗ ನಮ್ಮವರಾಡುವ ಮಾತಿನ ಬಗ್ಗೆ. ‘ದುರಾಸೆ ಪಟ್ಟ, ಅನುಭವಿಸಿದ’ ಎಂದು ನಾವು ಮೂರು ಪದಗಳಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಐಷಾರಾಮಿ ಗಡಿಯಾರ ಕೊಳ್ಳಹೋದವನಿಗೆ ಮರುಕ ಸಿಗುವುದು ಕಷ್ಟ. ಆದರೆ ಕೈಗಡಿಯಾರ ನಮ್ಮ ಮನೆಗಳಲ್ಲಿ ಬರಿಯ ಆಡಂಬರದ ವಸ್ತುವಾಗಿ ಬಂದದ್ದಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದೊಂದಿಗೆ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾದಂದಿನಿಂದ ಎರಡು ತಲೆಮಾರಿನವರೆಗೆ ಪರೀಕ್ಷೆಯಲ್ಲಿ ಪಾಸಾದ ಮಗನಿಗೆ, ಮದುವೆಯಾದ ಅಳಿಯನಿಗೆ, ನಿವೃತ್ತರಾದ ಮೇಷ್ಟರಿಗೆ ಕೊಡುತ್ತಿದ್ದುದು ಗಡಿಯಾರವನ್ನೇ. ಬೀದರ, ಕಲಬುರಗಿಗಳಿಂದ ಹೈದರಾಬಾದಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಈಗ ಸಂಬಳ ಬೆಳೆದಿದೆ. ಗಡಿಯಾರವೂ ಬೆಳೆದಿದೆ, ಅಷ್ಟೇ. ಅಪ್ಪನ ಅರವತ್ತಕ್ಕೆ ಒಮೆಗಾ ಕೊಡಿಸಬೇಕೆಂದುಕೊಂಡ ಮಗಳನ್ನು ದುರಾಸೆಯವಳೆನ್ನಲು ನನಗೆ ನಾಲಗೆ ಬಾರದು.

2016 ಈ ವಿಷಯದಲ್ಲಿ ವಿಚಿತ್ರ ವರ್ಷ. ಜನವರಿಯಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಮುಂದಿನ ಕೆಲವೇ ವಾರಗಳಲ್ಲಿ ಕರ್ನಾಟಕದ ರಾಜಕೀಯವೆಲ್ಲ ಮುಖ್ಯಮಂತ್ರಿಗಳ ಕೈಯಲ್ಲಿದ್ದ ಒಂದು ಹ್ಯೂಬ್ಲೋ ಗಡಿಯಾರದ ಸುತ್ತ ತಿರುಗಿ, ಕೊನೆಗೆ ಅದು ಸರ್ಕಾರದ ವಶಕ್ಕೆ ಹೋಯಿತು. ಸ್ವಿಸ್ ಗಡಿಯಾರಗಳ ಹೆಸರುಗಳು ನಮ್ಮ ಹಳ್ಳಿಕಟ್ಟೆಗಳಲ್ಲಿ ಉಚ್ಚಾರವಾದದ್ದು ಆಗಲೇ ಎಂದು ನನ್ನ ಅನಿಸಿಕೆ. ಅತ್ತ ಮುಚ್ಚಿಹೋದ ಎಚ್‌ಎಂಟಿಗೂ ನಕಲಿ ತಪ್ಪಲಿಲ್ಲ. ಹಳೆಯ ಯಂತ್ರಕ್ಕೆ ಹೊಸದಾಗಿ ಅಚ್ಚು ಹಾಕಿದ ಮುಖ ಜೋಡಿಸಿ, ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ ‘ಪೈಲಟ್’ ಎಂದು ಅಂತರ್ಜಾಲದಲ್ಲಿ ಮಾರುತ್ತಾರೆ. ಅಪ್ಪನ ನೆನಪಿಗೆಂದು ಕೊಳ್ಳುವವರು ಎಷ್ಟು ಜನ!

ಹಾಗಾದರೆ ಕೊಳ್ಳುವುದು ಹೇಗೆ? ಹೊಸದಾದರೆ ಕಂಪನಿಯ ಅಧಿಕೃತ ಮಾರಾಟಗಾರರ ಪಟ್ಟಿಯನ್ನು ಕಂಪನಿಯ ಸ್ವಂತ ಜಾಲತಾಣದಲ್ಲೇ ನೋಡಿ ಅಂಗಡಿಗೆ ಹೋಗುವುದು, ಇದರಲ್ಲಿ ಹೇಳುವಂಥದ್ದೇನಿಲ್ಲ. ತೊಡಕಿರುವುದು ಬಳಸಿದ ಗಡಿಯಾರದಲ್ಲಿ. ಪೆಟ್ಟಿಗೆ, ವಾರಂಟಿ ಕಾರ್ಡು ಇದ್ದರೆ ಅಸಲಿಯೆಂದು ನಂಬುವ ಕಾಲ ಕಳೆಯಿತು. ಇಂದು ಪೆಟ್ಟಿಗೆ, ಕಾರ್ಡುಗಳೂ ನಕಲಿಯಾಗುತ್ತವೆ. ಕ್ರಮಸಂಖ್ಯೆಯನ್ನು ಅಸಲಿ ಗಡಿಯಾರವೊಂದರಿಂದ ಕದ್ದು ನೂರಾರು ನಕಲಿಗಳ ಮೇಲೆ ಕೊರೆಯುವುದೂ ಉಂಟು. ಒಳಗಿನ ಯಂತ್ರವನ್ನೇ ಅನುಕರಿಸಿದ ನಕಲುಗಳನ್ನು ಹೊರಗಿನಿಂದ ನೋಡಿ ಹೇಳಲಾಗದು. ಹಿಂಬದಿಯನ್ನು ಬಿಚ್ಚಬೇಕು, ಅದನ್ನು ಬಲ್ಲ ಗಡಿಯಾರ ರಿಪೇರಿಯವರ ಕೈಯಲ್ಲೇ ಬಿಚ್ಚಿಸಬೇಕು. ಹಣ ಕೊಡುವ ಮುನ್ನ ಇದಕ್ಕೆ ಒಪ್ಪದ ಮಾರಾಟಗಾರನೊಂದಿಗೆ ವ್ಯವಹಾರವೇ ಬೇಡ. ಅದಕ್ಕೂ ಮೊದಲಿನ ಪ್ರಶ್ನೆ, ಗಡಿಯಾರ ಅವನ ಬಳಿ ಇದೆಯೇ ಎಂಬುದು. ಚಿತ್ರ ಕಳಿಸಿದರೆ ಸಾಲದು, ಚಿತ್ರ ಯಾರದೋ ಇರಬಹುದು. ವಿಡಿಯೊ ಕರೆಯಲ್ಲಿ ಗಡಿಯಾರವನ್ನು ಕೈಯಲ್ಲಿ ಹಿಡಿದು, ನೀವು ಹೇಳಿದ ಹೊತ್ತಿಗೆ ಮುಳ್ಳು ತಿರುಗಿಸಿ ತೋರಿಸಲು ಹೇಳಿ. ಅರ್ಧ ನಿಮಿಷದ ಕೆಲಸ. ನೆಪ ಹೇಳಿದನೆಂದರೆ ಉತ್ತರ ಸಿಕ್ಕಿತು.

ಹಣವನ್ನು ತಾವು ಹಿಡಿದಿಟ್ಟುಕೊಂಡು, ವಸ್ತು ತಲುಪಿದ ಮೇಲೆ ಮಾರಾಟಗಾರನಿಗೆ ಕೊಡುವ ಮಾರುಕಟ್ಟೆ ತಾಣಗಳಿವೆ. ‘ಕಮಿಷನ್ ಉಳಿಸೋಣ, ನೇರವಾಗಿ ಕಳಿಸಿಬಿಡಿ’ ಎಂದು ಅಲ್ಲಿಂದ ನಿಮ್ಮನ್ನು ವಾಟ್ಸಾಪಿಗೆ ಕರೆತರುವವನೇ ಕಳ್ಳ. ಮತ್ತೊಂದು ಮಾತು ಹೊರನಾಡಿನವರಿಗೆಂದೇ. ಪರಊರಿನಲ್ಲಿ ಕನ್ನಡ ಕೇಳಿದೊಡನೆ ನಮ್ಮ ಬಾಗಿಲು ತಾನಾಗಿ ತೆರೆಯುತ್ತದೆ. ‘ಸರ್, ನಾವೂ ಹುಮನಾಬಾದ್ ಕಡೆಯವರೇ’ ಎಂದವನಿಗೆ ರಸೀದಿ ಕೇಳಲು ನಮಗೆ ಸಂಕೋಚ. ಭಾಷೆಯ ಮೇಲಿನ ಪ್ರೀತಿಯನ್ನು ವ್ಯವಹಾರದ ಜಾಮೀನು ಮಾಡಿಕೊಳ್ಳಬೇಕಾಗಿಲ್ಲ. ನಿಜವಾದ ನಮ್ಮವನು ರಸೀದಿ ಕೇಳಿದರೆ ಮುನಿಸಿಕೊಳ್ಳುವುದೂ ಇಲ್ಲ.

ಹಣ ಹೋದ ಮೇಲಿನ ಮೊದಲ ಗಂಟೆಗಳೇ ಎಲ್ಲಕ್ಕಿಂತ ಮುಖ್ಯ. ವಂಚಕನ ಖಾತೆಯಿಂದ ಮತ್ತೊಂದು, ಅಲ್ಲಿಂದ ಇನ್ನೊಂದು ಖಾತೆಗೆ ಹಣ ಸರಿಯುವ ಮೊದಲು ಅದನ್ನು ತಡೆಹಿಡಿಯಬೇಕು. 1930ಕ್ಕೆ ಕರೆ ಮಾಡುವುದು, ತನ್ನ ಬ್ಯಾಂಕಿಗೆ ತಿಳಿಸುವುದು, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸುವುದು, ಮೂರೂ ಒಂದೇ ದಿನ, ಸಾಧ್ಯವಾದರೆ ಒಂದೇ ಗಂಟೆಯಲ್ಲಿ ಆಗಬೇಕು. ಕಾರ್ಡಿನಲ್ಲಿ ಕೊಟ್ಟಿದ್ದರೆ ವಿವಾದ ಹೂಡಿ ಹಣ ವಾಪಸು ಕೇಳುವ ದಾರಿಯಿದೆ. ಗ್ರಾಹಕನ ಹೊಣೆಯನ್ನು ಮಿತಗೊಳಿಸುವ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನು ಹಲವರು ನೆಚ್ಚಿಕೊಳ್ಳುತ್ತಾರೆ. ಅದು ಗ್ರಾಹಕನ ಅನುಮತಿಯಿಲ್ಲದೆ ನಡೆದ ವ್ಯವಹಾರಗಳ ಕುರಿತದ್ದು. ನಾವೇ ಪಿನ್ ಒತ್ತಿ ಕಳಿಸಿದ ಹಣಕ್ಕೆ ಅದರ ಆಸರೆ ಸಿಗುವುದು ಕಷ್ಟ. ಆದ್ದರಿಂದಲೇ ವೇಗಕ್ಕೆ ಇಷ್ಟು ಬೆಲೆ. (ಮೋಸಗಾರನನ್ನು ‘ನಾಲ್ಕುನೂರಿಪ್ಪತ್ತು’ ಎಂದು ಬೈಯುವ ಸುಖವೂ ಹಳತಾಯಿತು. 2024ರ ಜುಲೈ 1ರಿಂದ ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿಗೆ ಬಂದಿದೆ. ಬೈಗುಳಕ್ಕೆ ಆ ಸಂಖ್ಯೆ ಅಷ್ಟು ಒದಗಿಬರುವುದಿಲ್ಲ.) ಕೆಲವು ದಿನಗಳ ನಂತರ ‘ಹೋದ ಹಣ ಹಿಂದಕ್ಕೆ ಕೊಡಿಸುತ್ತೇವೆ, ಶುಲ್ಕ ಇಷ್ಟು’ ಎಂದು ಯಾರಾದರೂ ಕರೆ ಮಾಡಿದರೆ ಅದು ಎರಡನೆಯ ಮೋಸ.

ಈ ಅಮೂಲ್ಯ ಗಂಟೆಗಳನ್ನು ತಿಂದುಹಾಕುವುದು ನಾಚಿಕೆ. ಹೆಂಡತಿಗೆ ಹೇಗೆ ಹೇಳಲಿ, ಕಚೇರಿಯಲ್ಲಿ ನಗುತ್ತಾರೆ, ಸಂಘದಲ್ಲಿ ಮಾತಾಗುತ್ತದೆ ಎಂದು ಎರಡು ದಿನ ಹೋಗುತ್ತದೆ. ಅಂದರೆ ನಮ್ಮ ‘ದುರಾಸೆ’ಯ ತೀರ್ಪಿನ ಲಾಭ ನೇರವಾಗಿ ವಂಚಕನಿಗೆ ಸಲ್ಲುತ್ತದೆ. ಹೊರನಾಡಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ: ಮಗನ ಮನೆಗೆ ಬಂದಿರುವ ಹಿರಿಯರಿಗೆ ತೆಲುಗು ಬಾರದು, ಇಂಗ್ಲಿಷಿನಲ್ಲಿ ದೂರು ಬರೆಯಲು ಧೈರ್ಯ ಸಾಲದು.

ಆದ್ದರಿಂದ ನಮ್ಮ ಸಂಘಗಳಿಗೆ ನನ್ನದೊಂದು ಸಲಹೆ. ರಾಜ್ಯೋತ್ಸವಕ್ಕೆ ಸಮಿತಿ ಮಾಡುವಂತೆ, ಇದಕ್ಕೂ ಇಬ್ಬರನ್ನು ಗೊತ್ತುಮಾಡಿ ಅವರ ಫೋನ್ ಸಂಖ್ಯೆಯನ್ನು ಎಲ್ಲ ಸದಸ್ಯರ ಮನೆಗೂ ತಲುಪಿಸಬೇಕು. ಅವರ ಕೆಲಸ ಬುದ್ಧಿ ಹೇಳುವುದಲ್ಲ. ಕನ್ನಡದಲ್ಲಿ ಕೇಳಿಕೊಂಡು, ಹಣ ಹೋದ ಹೊತ್ತು, ಮೊತ್ತ, ವಹಿವಾಟಿನ ಸಂಖ್ಯೆ, ಅದು ಸೇರಿದ ಖಾತೆ ಅಥವಾ ಯುಪಿಐ ವಿಳಾಸ, ವಂಚಕನ ಫೋನ್ ಸಂಖ್ಯೆ, ಜಾಹೀರಾತಿನ ಮತ್ತು ಮಾತುಕತೆಯ ಚಿತ್ರಗಳು, ಇವನ್ನು ಒಟ್ಟುಮಾಡಿ, ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ದೂರು ಬರೆದುಕೊಟ್ಟು, ಬ್ಯಾಂಕಿಗೂ ಠಾಣೆಗೂ ಜೊತೆಗೆ ಹೋಗಿಬರುವುದು.