ಕಹಿಯಾದದ್ದೆಲ್ಲ ಮದ್ದಲ್ಲ

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹನ್ನೆರಡು ವರ್ಷಗಳಿಂದ ಮಧುಮೇಹ. ಬೆಂಗಳೂರಿನ ಮಗ, ಸ್ಥಳದಲ್ಲೇ ಬಿಯರ್ ತಯಾರಿಸುವ ಪಬ್ಬಿಗೆ ಕರೆದೊಯ್ದು ಕಪ್ಪನೆಯ 'ಸ್ಟೌಟ್' ರುಚಿ ತೋರಿಸಿದ್ದನಂತೆ. "ಡಾಕ್ಟ್ರೇ, ಹಾಗಲಕಾಯಿಯಷ್ಟೇ ಕಹಿ. ಸಕ್ಕರೆ ಕಾಯಿಲೆಗೆ ಒಳ್ಳೆಯದೇ ಅಲ್ಲವೇ?" ಎಂದರು.

ನಗಬೇಡಿ. ಬೇವು, ಕಷಾಯ ಕುಡಿದು ಬೆಳೆದ ನಾಲಿಗೆಗೆ ಕಹಿ ಎಂದರೆ ಔಷಧಿಯೇ. ನಾನೂ ಒಮ್ಮೆ ಆ ಬಿಯರಿನ ರುಚಿ ನೋಡಿದ್ದೇನೆ. ಮೊದಲು ಸಕ್ಕರೆ ಹಾಕದ ಡಿಕಾಕ್ಷನ್ನಿನ ನೆನಪಾಗುತ್ತದೆ, ಆಮೇಲೆ ಕಹಿ ಗಂಟಲಲ್ಲೇ ನಿಲ್ಲುತ್ತದೆ. ಕಾಫಿ ಬೀಜದಂತೆ ಕಪ್ಪಾಗಿ ಹುರಿದ ಬಾರ್ಲಿಯಿಂದ ಆ ಬಣ್ಣ. ಕಹಿಯಲ್ಲಿ ಹಾಪ್ಸ್ ಎಂಬ ಹೂವಿನದೂ ಪಾಲಿದೆ. ಎರಡೂ ಸಕ್ಕರೆ ಕಾಯಿಲೆಗೆ ಮದ್ದಲ್ಲ. ಐರ್ಲೆಂಡಿನಲ್ಲಿ ಹಿಂದೆ ಕಪ್ಪು ಬಿಯರಿನಲ್ಲಿ ಕಬ್ಬಿಣಾಂಶವಿದೆಯೆಂದು ಬಾಣಂತಿಯರಿಗೂ ಕೊಡುತ್ತಿದ್ದರು. ಒಂದು ದೊಡ್ಡ ಗ್ಲಾಸಿನಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ!

ಇನ್ನು ಆಲ್ಕೋಹಾಲ್. ಇಂಥ ಬಿಯರುಗಳಲ್ಲಿ ಕೆಲವು ಶೇ. 8ರಷ್ಟು ಗಡುಸಾಗಿರುತ್ತವೆ. ಅದರ 500 ಮಿ.ಲೀ. ಎಂದರೆ 30 ಮಿ.ಲೀ.ನ ಮೂರು ಪೆಗ್ ವಿಸ್ಕಿಗೆ ಸಮ. 'ಬರೀ ಬಿಯರು' ಎನ್ನುವವರು ಈ ಲೆಕ್ಕ ಹಾಕುವುದೇ ಇಲ್ಲ.

ಮೇಷ್ಟ್ರ ವಿಷಯದಲ್ಲಿ ನನಗೆ ಭಯವಾದದ್ದು ಬೇರೆಯೇ. ಅವರು ನುಂಗುವುದು ಗ್ಲಿಮೆಪಿರೈಡ್ ಮಾತ್ರೆ. ಅದು ಸಕ್ಕರೆಯನ್ನು ಇಳಿಸುತ್ತದೆ. ತೀರಾ ಇಳಿದಾಗ ಕೈಹಿಡಿಯಬೇಕಾದ ಯಕೃತ್ತು ಆಲ್ಕೋಹಾಲ್ ಕರಗಿಸುವುದರಲ್ಲೇ ಮುಳುಗಿರುತ್ತದೆ. ಹೊಟ್ಟೆಯೂ ಖಾಲಿಯಿದ್ದರೆ ನಡುರಾತ್ರಿ ಸಕ್ಕರೆ ಕುಸಿಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಅಪಾಯ. ಬೆವರು, ನಡುಕ, ತೊದಲು ಮಾತು, ತೂರಾಟ ಕಾಣಿಸುತ್ತವೆ. ನೋಡಿದವರು ಏನೆನ್ನುತ್ತಾರೆ? "ಕುಡಿದಿದ್ದಾರೆ, ಮಲಗಲಿ ಬಿಡಿ." ಹಾಗೆ ಮಲಗಲು ಬಿಟ್ಟವರನ್ನು ಬೆಳಗ್ಗೆ ಪ್ರಜ್ಞೆಯಿಲ್ಲದೆ ಹೊತ್ತು ತಂದದ್ದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಮನೆಯವರಿಗೆ ಹೇಳುತ್ತೇನೆ: ಸಂಶಯ ಬಂದರೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಕುಡಿದ ಸಂಗತಿಯನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ.

"ಒಂದು ಗುಟುಕೂ ಬೇಡವೇ?" ಎಂದು ಮೇಷ್ಟ್ರು ಕೇಳಿದರು. ಬೇಡವೆಂದೆ. ಮದ್ಯ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನೂ ತಿಳಿಸಿದೆ. ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. "ನಿಜ ಹೇಳಲೇ ಡಾಕ್ಟ್ರೇ, ರುಚಿಯೇ ಹಿಡಿಸಲಿಲ್ಲ. ಮಗ ಕೊಡಿಸಿದನಲ್ಲ ಎಂದು ಮುಗಿಸಿದೆ" ಎಂದರು.